ಪರರಾಷ್ಟ್ರದಲ್ಲಿ ದಂಡಶಕ್ತಿಯ ಮೇರೆ

ದಂಡವಿಲ್ಲದೆ ಲೋಕಯಾತ್ರೆಯು ಸಾಗದೆಂಬ ವಿಷಯದಲ್ಲಿ ಪ್ರಾಚೀನ ನೀತಿಶಾಸ್ತ್ರಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವು ಪ್ರಜೆಗಳಲ್ಲಿ ತಲೆದೋರದಂತೆ ರಾಜನು ದಂಡಧರನಾಗಿರತಕ್ಕುದೆಂದು ಅವರೆಲ್ಲರೂ ಸಾರಿರುವರು. ಆದರೆ ಈ ದಂಡವು ಅರಸನ ಸ್ವಂತ ಸೀಮೆಗೆ ಸಂಬಂಧಪಟ್ಟುದು. ಸೀಮೆಯನ್ನು ದಾಟಿದೊಡನೆ ಪ್ರಶ್ನೆಯು ಜಟಿಲವಾಗುವುದು. ಬಲಾಢ್ಯವಾದ ಒಂದು ರಾಷ್ಟ್ರವು ಇನ್ನೊಂದು ರಾಷ್ಟ್ರದಲ್ಲಿ ನಡೆಯುವ ಅನ್ಯಾಯವನ್ನು ಕಂಡು ಅಲ್ಲಿಗೆ ತನ್ನ ಸೈನ್ಯವನ್ನು ಕಳುಹಬಹುದೇ? ಕಳುಹಿದಲ್ಲಿ ಆ ಸೈನ್ಯವು ಯಾವುದನ್ನು ಸಾಧಿಸಬಲ್ಲುದು, ಯಾವುದನ್ನು ಎಷ್ಟು ಬಲವಿದ್ದರೂ ಸಾಧಿಸಲಾರದು? ಮೊದಲನೆಯ ಪ್ರಶ್ನೆಯನ್ನು ಕುರಿತು ವಿದ್ವಾಂಸರು ಬಹಳವಾಗಿ ಚರ್ಚಿಸಿರುವರು. ಎರಡನೆಯದರ ವಿಚಾರವು ಅಷ್ಟಾಗಿ ನಡೆದಿಲ್ಲ. ಆದರೆ ಎರಡನೆಯದು ನಿಶ್ಚಯವಾಗದೆ ಮೊದಲನೆಯದಕ್ಕೆ ಉತ್ತರವು ದೊರೆಯುವಂತಿಲ್ಲ. ಏಕೆಂದರೆ ಅಸಾಧ್ಯವಾದ ಕಾರ್ಯವನ್ನು ಯಾವ ಶಾಸ್ತ್ರವೂ ಕರ್ತವ್ಯವೆಂದು ವಿಧಿಸುವುದಿಲ್ಲ.

ಸೈನ್ಯವನ್ನು ಕಳುಹಬೇಕೆನ್ನುವವರ ಪಕ್ಷವು ದುರ್ಬಲವಾದುದಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ಯಜಮಾನನ ಅಪ್ಪಣೆಗಾಗಿ ಬಾಗಿಲಲ್ಲಿ ಕಾದು ನಿಲ್ಲುವವನನ್ನು ಯಾರೂ ಧರ್ಮಿಷ್ಠನೆನ್ನರು. ಯಜಮಾನನೇ ಬೆಂಕಿಯಿಟ್ಟವನಾಗಿದ್ದರೆ ಹೇಳತಕ್ಕುದೇನು? ಆಫ್ರಿಕಾ ಖಂಡದ ರುವಾಂಡಾ ದೇಶದಲ್ಲಿ ೧೯೯೪ನೆಯ ಏಪ್ರಿಲ್ ತಿಂಗಳಿಂದ ಸುಮಾರು ನೂರು ದಿವಸಗಳೊಳಗೆ ೮ ಲಕ್ಷದಷ್ಟು ಜನರು, ಅವರಲ್ಲಿ ಬಹುಮಂದಿ ಟುಟ್ಸಿ ಪಂಗಡದವರು, ಕೊಲೆಗೀಡಾದರು. ಕೊಂದವರಲ್ಲಿ ಅನೇಕರ ಕೈಯಲ್ಲಿದ್ದುವು ಮಚ್ಚು ದೊಣ್ಣೆಗಳು. ವಿಶ್ವಸಂಸ್ಥೆಯ ಸುಮಾರು ೨,೫೦೦ ಮಂದಿ ಸೈನಿಕರು ಆಗ ಆ ದೇಶದಲ್ಲಿಯೇ ಇದ್ದರು. ಭದ್ರತಾ ಮಂಡಲಿಯು ಅವರ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ಬದಲಾಗಿ ೨೭೦ಕ್ಕೆ ಇಳಿಸಲು ನಿರ್ಣಯಿಸಿತು. ಬಲಿಷ್ಠ ರಾಷ್ಟ್ರಗಳು ತಂತಮ್ಮ ಪ್ರಜೆಗಳನ್ನು ವಿಮಾನಗಳಲ್ಲಿ ಕರೆದೊಯ್ದು, ಉಳಿದವರನ್ನು ಅವರ ವಿಧಿಗೆ ಬಿಟ್ಟುವು. ಇದನ್ನು ಬಲ್ಲವನು, ಪರರ ಮನೆಯ ಜಗಳವು ಪರರಿಗೇ ಸೇರಿದ್ದೆಂದು ನಿಶ್ಚಿಂತನಾಗಿ ಹೇಳಲಾರನು. ಸುಮ್ಮನಿರುವುದೂ ಒಂದು ಕರ್ಮವೇ, ಅದಕ್ಕೂ ಫಲವುಂಟು.

ಇದಕ್ಕೆ ವಿರುದ್ಧವಾದ ಪಕ್ಷವೂ ಅಷ್ಟೇ ಪ್ರಬಲವಾದುದು. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟೂಅರ್ಟ್ ಮಿಲ್ಲನು ೧೮೫೯ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ವಿಷಯವನ್ನು ಚರ್ಚಿಸಿರುವನು. ತನ್ನ ಸ್ವಾತಂತ್ರ್ಯಕ್ಕಾಗಿ ತಾನೇ ಶ್ರಮಪಡದ ಜನತೆಗೆ ಅನ್ಯರು ಅದನ್ನು ಗಳಿಸಿಕೊಟ್ಟರೆ ಅದು ಬಹುಕಾಲ ಬಾಳದೆಂಬುದು ಅವನ ವಾದದ ಸಾರವು. ಆದರೆ ಈ ನಿಯಮವು ನಾಗರಿಕ ರಾಷ್ಟ್ರಗಳಿಗೆ ಮಾತ್ರ ಅನ್ವಯಿಸತಕ್ಕುದೆಂದೂ, ಅನಾಗರಿಕರೆಂದು ತಾನೆಣಿಸಿದ ಜನಗಳಿಗೆ ಅನ್ವಯಿಸದೆಂದೂ ಅವನೇ ಹೇಳಿದನು. ೧೮೨೩ರಿಂದ ೧೮೫೮ರ ವರೆಗೆ ಅವನು ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ಉದ್ಯೋಗದಲ್ಲಿದ್ದವನೆಂಬುದನ್ನು ನೆನೆದರೆ ಈ ಅಪವಾದವು ಎಲ್ಲಿಂದ ಬಂದಿತೆಂಬುದು ತಿಳಿಯದಿರದು. ನಿಯಮವನ್ನು ಮಾಡುವವನು ತನಗೆ ಅನುಕೂಲವಾದಷ್ಟು ಅಪವಾದವನ್ನು ಉಳಿಸಿಕೊಳ್ಳುವನು. ಬಲಿಷ್ಠರ ಧರ್ಮೋಪದೇಶದಲ್ಲಿ ಈ ಲೋಪವು ಪದೇ ಪದೇ ಕಾಣಬರುವುದು.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಬಾಣಹತನಾಗಿ ಬಿದ್ದ ವಾಲಿಯು ಶ್ರೀರಾಮನನ್ನು ಕೇಳುವುದೂ ಇದೇ ಪ್ರಶ್ನೆಯನ್ನೇ. ನಿನ್ನ ನಾಡಿನಲ್ಲಾಗಲಿ ಪುರದಲ್ಲಾಗಲಿ ನಾನು ಯಾವ ಅಪರಾಧವನ್ನೂ ಮಾಡಿಲ್ಲ, ನನ್ನನ್ನು ದಂಡಿಸುವ ಅಧಿಕಾರವು ನಿನಗೆಲ್ಲಿಯದು ಎಂಬುದು ಅವನ ಮಾತಿನ ಭಾವವು. ಭೂಮಿಯೆಲ್ಲವೂ ಇಕ್ಷ್ವಾಕುಗಳದು, ಭರತನು ಅದರ ಒಡೆಯನು, ತಾವು ಅವನ ಆಜ್ಞೆಯಿಂದ ಧರ್ಮವನ್ನು ರಕ್ಷಿಸುತ್ತಿರುವೆವೆಂದು ರಾಮನು ಉತ್ತರವೀಯುವನು. ಈ ಸಂವಾದವನ್ನು ಕುರಿತು ವ್ಯಾಖ್ಯಾನಕಾರರು ಎಷ್ಟೋ ಬರೆದಿರುವರು. ಅವತಾರಪುರುಷನ ಬಾಯಲ್ಲಿ ಆ ಉತ್ತರವು ಹೇಗೇ ಇರಲಿ, ಪ್ರಾಕೃತ ರಾಷ್ಟ್ರವೊಂದು ಭೂಮಿಯೆಲ್ಲವೂ ತನ್ನ ರಕ್ಷಣೆಗೊಳಪಟ್ಟುದೆಂದು ಹೇಳತೊಡಗಿದರೆ ಕೇಳುವವರು ಎಚ್ಚರಗೊಳ್ಳತಕ್ಕುದು.

ತರ್ಕದಿಂದ ಮಾತ್ರವೇ ಈ ಎರಡು ಪಕ್ಷಗಳನ್ನು ತೂಗಿ ನೋಡಿದರೆ ತಕ್ಕಡಿಯು ನಿಲ್ಲುವುದಿಲ್ಲ. ಆದುದರಿಂದ ಅನುಭವವನ್ನು ಪ್ರಮಾಣವಾಗಿ ಹಿಡಿಯುವುದು ಮೇಲು. ಇದಕ್ಕೆ ಅಫಘಾನಿಸ್ಥಾನಕ್ಕಿಂತ ತಕ್ಕ ದೃಷ್ಟಾಂತವಿಲ್ಲ. ಎರಡು ಶತಮಾನಗಳಿಗಿಂತ ಕಡಮೆಯಾದ ಅವಧಿಯಲ್ಲಿ ಆಯಾ ಕಾಲದ ಮೂರು ಮಹಾಶಕ್ತಿಗಳು ಆ ಒಂದೇ ದೇಶವನ್ನು ಹೊಕ್ಕು ಹೊರಬಂದಿರುವುವು.

ಮೊದಲನೆಯದು ಕಂಪೆನಿ ಸರಕಾರವು. ಕಾಬೂಲಿನ ಅಮೀರನಾದ ದೋಸ್ತ್ ಮಹಮ್ಮದ್ ಖಾನನು ರಷ್ಯದ ಕಡೆಗೆ ಒಲಿಯುವನೆಂಬ ಭಯದಿಂದ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡನು ೧೮೩೮ನೆಯ ಅಕ್ಟೋಬರ್ ೧ರಂದು ಸಿಮ್ಲಾದಿಂದ ಒಂದು ಘೋಷಣೆಯನ್ನು ಹೊರಡಿಸಿದನು. ೧೮೦೯ರಲ್ಲಿಯೇ ಸಿಂಹಾಸನವನ್ನು ಕಳೆದುಕೊಂಡು ಲೂಧಿಯಾನದಲ್ಲಿ ಕಂಪೆನಿಯ ವಿಶ್ರಾಂತಿವೇತನವನ್ನು ಉಣ್ಣುತ್ತಿದ್ದ ಷಾ ಷುಜಾನನ್ನು ಮರಳಿ ಪಟ್ಟಕ್ಕೇರಿಸುವುದು, ಅವನ ಅಧಿಕಾರವು ನೆಲೆಗೊಂಡೊಡನೆ ಬ್ರಿಟಿಷ್ ಸೈನ್ಯವು ಹಿಂದಿರುಗುವುದು: ಇದು ಘೋಷಣೆಯ ತಾತ್ಪರ್ಯವು. ದಂಡಯಾತ್ರೆಯು ನಿರ್ವಿಘ್ನವಾಗಿಯೇ ನಡೆಯಿತು. ೧೮೩೯ನೆಯ ಏಪ್ರಿಲಿನಲ್ಲಿ ಕಂದಹಾರವೂ ಜುಲೈಯಲ್ಲಿ ಘಜ್ನಿಯೂ ಆಗಸ್ಟಿನಲ್ಲಿ ಕಾಬೂಲೂ ವಶವಾದುವು. ಮರುವರ್ಷ ದೋಸ್ತ್ ಮಹಮ್ಮದನು ತಾನಾಗಿಯೇ ಬಂದು ಶರಣಾಗತನಾದನು. ದಂಡಶಕ್ತಿಯಿಂದ ಆಗಬಹುದಾದುದೆಲ್ಲವೂ ಅಲ್ಲಿಗೆ ಆಗಿದ್ದಿತು.

ಆದರೆ ಷಾ ಷುಜಾನ ಅಧಿಕಾರವು ನೆಲೆಗೊಳ್ಳಲಿಲ್ಲ. ಅವನ ಸಿಂಹಾಸನದ ಸುತ್ತಲೂ ಪರದೇಶದ ಬಂದೂಕುಗಳಿರುವ ವರೆಗೆ ಜನರು ಅವನನ್ನು ತಮ್ಮ ಅರಸನೆಂದೆಣಿಸಲಿಲ್ಲ. ಜನರು ಹಾಗೆಣಿಸುವ ವರೆಗೆ ಬಂದೂಕುಗಳನ್ನು ತೆಗೆಯುವಂತಿರಲಿಲ್ಲ. ಈ ಕಗ್ಗಂಟನ್ನು ಬಿಚ್ಚಲು ಸರಕಾರದವರು ಹಣವನ್ನು ಸುರಿದರು. ೧೮೪೧ರಲ್ಲಿ ಖರ್ಚು ಮಿತಿಮೀರಿತೆಂದು ಕಣಿವೆಗಳ ಒಡೆಯರಾದ ಘಿಲ್ಜಾಯಿ ನಾಯಕರಿಗೆ ಕೊಡುತ್ತಿದ್ದ ವರ್ಷಾಶನವನ್ನು ತಗ್ಗಿಸಲು, ಅವರು ದಾರಿಗಳನ್ನು ಮುಚ್ಚಿದರು. ನವೆಂಬರ್ ೨ರಂದು ಕಾಬೂಲು ನಗರವು ದಂಗೆಯೆದ್ದಿತು. ಅಲೆಗ್ಸಾಂಡರ್ ಬರ್ನ್ಸನು ತನ್ನ ಮನೆಯಲ್ಲಿಯೇ ಹತನಾದನು. ಡಿಸೆಂಬರ್ ೨೩ರಂದು ರಾಯಭಾರಿ ಮ್ಯಾಕ್ನಾಟನ್ನನಿಗೂ ಅದೇ ಗತಿಯಾಯಿತು.

೧೮೪೨ನೆಯ ಜನವರಿ ೬ರಂದು ಸುಮಾರು ೪,೫೦೦ ಮಂದಿ ಸೈನಿಕರೂ ೧೨,೦೦೦ದಷ್ಟು ಪರಿಚಾರಕರೂ ಹೆಂಗಸರೂ ಮಕ್ಕಳೂ ಹಿಮದಲ್ಲಿ ಕಾಬೂಲಿನಿಂದ ಹೊರಟರು. ಏಳು ದಿವಸಗಳ ತರುವಾಯ ಡಾಕ್ಟರ್ ಬ್ರೈಡನ್ನನು ಗಾಯಗೊಂಡು ಜಲಾಲಾಬಾದನ್ನು ಸೇರಿದನು. ಆಂಗ್ಲ ಚಿತ್ರಕಾರರು ಚಿತ್ರಿಸಿರುವುದು ಆ ಒಬ್ಬನನ್ನು. ಆದರೆ ಆ ಸೈನ್ಯದಲ್ಲಿ ಬಿಳಿಯರು ಸುಮಾರು ೭೦೦ ಮಂದಿ ಮಾತ್ರ. ಉಳಿದವರೆಲ್ಲರೂ ಹಿಂದುಸ್ಥಾನದ ಸಿಪಾಯಿಗಳು. ಗಂಗೆಯ ಬಯಲಿನ ಬಿಸಿಲಿನಲ್ಲಿ ಬೆಳೆದು, ಯಾರದೋ ಸಿಂಹಾಸನಕ್ಕಾಗಿ ಮತ್ತಾರದೋ ಅಪ್ಪಣೆಯಿಂದ ಬಂದವರು. ಬದುಕಿ ಉಳಿದವರಲ್ಲಿ ಕೆಲವರು ಹಿಮದಿಂದ ಕೈಕಾಲುಗಳನ್ನು ಕಳೆದುಕೊಂಡು ಕಾಬೂಲಿನ ಬೀದಿಗಳಲ್ಲಿ ತಿರಿದುಂಡರು. ಕೆಲವರು ಗುಲಾಮರಾಗಿ ಮಾರಲ್ಪಟ್ಟರು. ಏಪ್ರಿಲಿನಲ್ಲಿ ಷಾ ಷುಜಾನೂ ಕೊಲೆಯಾದನು. ಶರತ್ಕಾಲದಲ್ಲಿ ಹೊಸ ಸೈನ್ಯವೊಂದು ಬಂದು ಸೇಡಿಗಾಗಿ ಕಾಬೂಲಿನ ದೊಡ್ಡ ಪೇಟೆಯನ್ನು ಹಾಳುಮಾಡಿ ಹಿಂದಿರುಗಿತು. ೧೮೪೩ರಲ್ಲಿ ದೋಸ್ತ್ ಮಹಮ್ಮದನೇ ಬಂದು ಮತ್ತೆ ಪಟ್ಟವೇರಿ ೧೮೬೩ರ ವರೆಗೆ ಆಳಿದನು. ಇಷ್ಟು ಪ್ರಾಣಗಳನ್ನು ಬಲಿಗೊಟ್ಟು ಸಾಧಿಸಿದುದು, ಹೊರಟಾಗ ಇದ್ದ ಸ್ಥಿತಿಯನ್ನೇ.

ಎರಡನೆಯದು ಸೋವಿಯೆತ್ ಒಕ್ಕೂಟವು. ೧೯೭೯ನೆಯ ಡಿಸೆಂಬರ್ ೨೭ರಂದು ಅದರ ಸೈನಿಕರು ಅಧ್ಯಕ್ಷ ಹಫೀಜುಲ್ಲಾ ಅಮೀನನನ್ನು ಅರಮನೆಯಲ್ಲಿಯೇ ಕೊಂದರು. ಸೋವಿಯೆತ್ ಸೈನ್ಯವನ್ನು ಸಹಾಯಕ್ಕೆಂದು ಬೇಡಿದ್ದವನು ಅವನೇ! ಅವನ ಸ್ಥಾನದಲ್ಲಿ ಬಬ್ರಾಕ್ ಕಾರ್ಮಲನು ನಿಂತನು. ಒಂಬತ್ತು ವರ್ಷಗಳಿಗೂ ಮಿಕ್ಕ ಯುದ್ಧದಲ್ಲಿ ಸುಮಾರು ೧೫,೦೦೦ ಸೋವಿಯೆತ್ ಸೈನಿಕರು ಮಡಿದರು. ಅಫಘಾನರು ಲಕ್ಷಗಟ್ಟಲೆಯಾಗಿ ಸತ್ತರು. ೫೦ ಲಕ್ಷಕ್ಕೂ ಹೆಚ್ಚು ಜನರು ಮನೆಮಠಗಳನ್ನು ತೊರೆದು ಪಾಕಿಸ್ತಾನ ಇರಾನುಗಳಿಗೆ ವಲಸೆ ಹೋದರು. ೧೯೮೯ನೆಯ ಫೆಬ್ರವರಿ ೧೫ರಂದು ಕಡೆಯ ಸೈನಿಕನು ಗಡಿಯ ಸೇತುವೆಯನ್ನು ದಾಟಿದನು. ಕಾರ್ಮಲನ ತರುವಾಯ ಬಂದ ನಜೀಬುಲ್ಲನ ಸರಕಾರವು ಮೂರು ವರ್ಷ ನಿಂತಿತು. ೧೯೯೧ರ ಅಂತ್ಯದಲ್ಲಿ ಸೋವಿಯೆತ್ ಒಕ್ಕೂಟವೇ ಒಡೆದು ಹಣವೂ ಎಣ್ಣೆಯೂ ನಿಂತುಹೋಗಲು, ಮರುವರ್ಷದ ಏಪ್ರಿಲಿನಲ್ಲಿ ಅದೂ ಬಿದ್ದಿತು.

ಮೂರನೆಯದು ಅಮೇರಿಕಾ ಸಂಯುಕ್ತ ಸಂಸ್ಥಾನಗಳು. ೨೦೦೧ನೆಯ ಸೆಪ್ಟೆಂಬರ್ ೧೧ರಂದು ಆ ದೇಶದಲ್ಲಿ ಸುಮಾರು ೩,೦೦೦ ಜನರ ಹತ್ಯೆಯಾದ ಮೇಲೆ, ಹಂತಕರ ನಾಯಕನಿಗೆ ಆಶ್ರಯವಿತ್ತಿದ್ದ ತಾಲಿಬಾನರ ಮೇಲೆ ಅಮೇರಿಕೆಯು ಅಕ್ಟೋಬರ್ ೭ರಂದು ಯುದ್ಧವನ್ನಾರಂಭಿಸಿತು. ಎರಡೇ ತಿಂಗಳುಗಳಲ್ಲಿ ತಾಲಿಬಾನರ ಆಳ್ವಿಕೆಯು ಕುಸಿಯಿತು. ಅನಂತರದ ಇಪ್ಪತ್ತು ವರ್ಷಗಳಲ್ಲಿ ಶಾಲೆಗಳಾದುವು, ಆಸ್ಪತ್ರೆಗಳಾದುವು, ಹೆಣ್ಣುಮಕ್ಕಳು ವಿಶ್ವವಿದ್ಯಾಲಯಗಳನ್ನು ಹೊಕ್ಕರು, ಶಿಶುಮರಣವು ಇಳಿಯಿತು. ಇವುಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ೩ ಲಕ್ಷದಷ್ಟಿದ್ದ ಅಫಘಾನ್ ಸೈನಿಕರಲ್ಲಿ ಎಷ್ಟೋ ಮಂದಿ ಹೆಸರಿಗೆ ಮಾತ್ರ ಇದ್ದವರು. ಅವರ ಸಂಬಳವು ಮೇಲಧಿಕಾರಿಗಳ ಕಿಸೆಗೆ ಸೇರುತ್ತಿದ್ದಿತು. ೨೦೧೯ರ ಅಧ್ಯಕ್ಷ ಚುನಾವಣೆಯಲ್ಲಿ ನೋಂದಾಯಿತರಾದ ಮತದಾರರಲ್ಲಿ ಐದರಲ್ಲೊಂದು ಪಾಲಿನಷ್ಟು ಜನರು ಮಾತ್ರ ಮತವಿತ್ತರು. ೨೦೨೦ನೆಯ ಫೆಬ್ರವರಿ ೨೯ರಂದು ದೋಹಾ ನಗರದಲ್ಲಿ ಅಮೇರಿಕೆಯು ತಾಲಿಬಾನರೊಡನೆ ಒಪ್ಪಂದವನ್ನು ಮಾಡಿಕೊಂಡಾಗ, ತಾನೇ ನಿಲ್ಲಿಸಿದ ಕಾಬೂಲಿನ ಸರಕಾರವನ್ನು ಅದರಲ್ಲಿ ಸೇರಿಸಿಕೊಳ್ಳಲಿಲ್ಲ. ೨೦೨೧ನೆಯ ಆಗಸ್ಟ್ ೧೫ರಂದು ಅಧ್ಯಕ್ಷನು ದೇಶವನ್ನು ಬಿಟ್ಟೋಡಿದನು. ತಾಲಿಬಾನರು ನಗರವನ್ನು ಪ್ರವೇಶಿಸಿದರು. ಪರದೇಶದ ಸೈನ್ಯವು ಪೂರ್ತಿಯಾಗಿ ಹೊರಡುವುದಕ್ಕೆ ಇನ್ನೂ ಹದಿನೈದು ದಿವಸಗಳಿದ್ದುವು.

ಮೂರು ಸಲವೂ ಪ್ರವೇಶವು ಸುಲಭ, ವಾಸವು ಕಷ್ಟ, ನಿರ್ಗಮನವು ದಾರುಣ. ಇದಕ್ಕೆ ಕಾರಣವನ್ನು ಬೆಟ್ಟಗಳಲ್ಲಿ ಹುಡುಕುವವರುಂಟು. ಆದರೆ ಬೆಟ್ಟಗಳು ಪ್ರವೇಶವನ್ನು ತಡೆಯಲಿಲ್ಲ. ಆಯುಧಗಳ ಕೊರತೆಯೂ ಕಾರಣವಲ್ಲ. ನಿಜವಾದ ಕಾರಣವು ದಂಡದ ಸ್ವಭಾವದಲ್ಲಿಯೇ ಇರುವುದು. ದಂಡವು ತಡೆಯಬಲ್ಲುದು, ಓಡಿಸಬಲ್ಲುದು, ಕೆಡಹಬಲ್ಲುದು. ಕಟ್ಟುವುದಕ್ಕೆ ಬೇಕಾದುದು ಪ್ರಜೆಗಳ ಸಮ್ಮತಿಯು. ಆ ಸಮ್ಮತಿಯು ಎರವಲು ಕೊಡತಕ್ಕ ವಸ್ತುವಲ್ಲ. ಬಿತ್ತುವವನು ನೆಲವನ್ನು ಉಳಬಹುದು, ಕಳೆಯನ್ನು ಕೀಳಬಹುದು. ಮೊಳಕೆಯನ್ನು ಕೈಯಿಂದ ಹಿಡಿದೆಳೆದು ಬೆಳೆಸಲಾರನು.

ಅಷ್ಟೇ ಅಲ್ಲ, ಎರವಲು ಬಲವು ಸಮ್ಮತಿಯನ್ನು ಕ್ಷೀಣಗೊಳಿಸುವುದು. ಪ್ರಜೆಗಳಿಂದ ಕಂದಾಯವನ್ನೆತ್ತುವ ಅರಸನು ಅವರ ಮುಖವನ್ನು ನೋಡಲೇಬೇಕಾಗುವುದು. ಪರದೇಶದಿಂದ ಹಣವನ್ನು ಪಡೆಯುವವನು ಪರದೇಶದ ಮುಖವನ್ನು ನೋಡಿದರೆ ಸಾಕು. ಊರುಗೋಲು ಗಟ್ಟಿಯಾದಷ್ಟೂ ಕಾಲು ನಡಿಗೆಯನ್ನು ಮರೆಯುವುದು. ವಿರೋಧಿಗಳಾದರೋ ಎಷ್ಟೇ ಕ್ರೂರರಾಗಿದ್ದರೂ, ನಾವು ಈ ನೆಲದವರು, ಆ ಅರಸನು ಅನ್ಯರ ಆಳು ಎಂಬ ಒಂದೇ ಮಾತಿನಿಂದ ಜನರನ್ನು ಸೆಳೆಯಬಲ್ಲರು. ಇದರ ಮೇಲೆ ಕಾಲವೂ ಅವರ ಪಕ್ಷವೇ. ಬಂದವನಿಗೆ ಹಿಂದಿರುಗಲು ಬೇರೊಂದು ಮನೆಯುಂಟು. ಅಲ್ಲಿಯವನಿಗೆ ಅದೊಂದೇ ಮನೆ.

ಪ್ರಾಚೀನರು ಇದನ್ನರಿಯದವರಲ್ಲ. ಗೆದ್ದ ನಾಡಿನಲ್ಲಿ ಅರಸನು ಅಲ್ಲಿಯವರ ವೇಷ ಭಾಷೆ ಆಚಾರಗಳಿಗೆ ಹೊಂದಿಕೊಳ್ಳತಕ್ಕುದೆಂದು ಕೌಟಿಲ್ಯನು ವಿಧಿಸಿರುವನು. ಗೆದ್ದ ರಾಜ್ಯದಲ್ಲಿ ಎಲ್ಲರ ಇಷ್ಟವೇನೆಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಅದೇ ವಂಶದವನನ್ನು ಪಟ್ಟಕ್ಕೆ ತರಬೇಕೆಂಬುದು ಮನುವಿನ ಏಳನೆಯ ಅಧ್ಯಾಯದ ಅಭಿಪ್ರಾಯವು. ಈ ಕ್ರಮವು ವಿಚಾರಾರ್ಹವಾದುದು. ಷಾ ಷುಜಾನೂ ರಾಜವಂಶದವನೇ. ಆಕ್ಲೆಂಡನು ವಿಧಿಯ ಉತ್ತರಾರ್ಧವನ್ನು ನಡೆಸಿದನು. ಪೂರ್ವಾರ್ಧದ ಗೊಡವೆಗೆ ಹೋಗಲಿಲ್ಲ. ಶ್ರೀರಾಮನಾದರೋ ಕಿಷ್ಕಿಂಧೆಯ ಪಟ್ಟವನ್ನು ಸುಗ್ರೀವನಿಗೂ ಲಂಕೆಯ ಪಟ್ಟವನ್ನು ವಿಭೀಷಣನಿಗೂ ಬಿಟ್ಟು, ಗೆದ್ದ ನಗರದಲ್ಲಿ ನೆಲೆಸದೆ ಹಿಂದಿರುಗಿದನು. ಬಂದ ಕಾರ್ಯವೇನು, ಅದು ಎಲ್ಲಿಗೆ ಮುಗಿಯಿತು ಎಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ.

ಹಾಗಾದರೆ ಪರರಾಷ್ಟ್ರಕ್ಕೆ ಸೈನ್ಯವು ಹೋದಲ್ಲೆಲ್ಲ ಅನರ್ಥವೇ ಎಂದು ಕೇಳಬಹುದು. ಅದೂ ಸರಿಯಲ್ಲ. ಭಾರತವು ೧೯೭೧ರಲ್ಲಿ ಪೂರ್ವಬಂಗಾಳಕ್ಕೆ ಸೈನ್ಯವನ್ನು ಕಳುಹಿತು. ಅಲ್ಲಿಯ ಜನರು ತಮ್ಮ ಇಷ್ಟವನ್ನು ಅದಕ್ಕೆ ಒಂದು ವರ್ಷ ಮೊದಲೇ, ೧೯೭೦ನೆಯ ಡಿಸೆಂಬರಿನ ಚುನಾವಣೆಯಲ್ಲಿ, ಸ್ಪಷ್ಟಪಡಿಸಿದ್ದರು. ಆ ಪ್ರಾಂತದ ೧೬೨ ಸಾಮಾನ್ಯ ಸ್ಥಾನಗಳಲ್ಲಿ ೧೬೦ ಅವಾಮಿ ಲೀಗ್ ಪಕ್ಷಕ್ಕೆ ಬಂದಿದ್ದುವು. ಆ ತೀರ್ಪನ್ನು ಸೈನ್ಯಬಲದಿಂದ ಹೊಸಕಲೆಳಸಲು, ಸುಮಾರು ಒಂದು ಕೋಟಿ ಜನರು ಭಾರತಕ್ಕೆ ಓಡಿಬಂದರು. ಭಾರತಕ್ಕೆ ಸ್ವಾರ್ಥವಿರಲಿಲ್ಲವೆಂದು ಹೇಳುವಂತಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ೧೦೪ ರಾಷ್ಟ್ರಗಳು ಯುದ್ಧವನ್ನು ನಿಲ್ಲಿಸಬೇಕೆಂದು ಮತವಿತ್ತುವು. ಆದರೂ ಡಿಸೆಂಬರ್ ೩ರಿಂದ ೧೬ರ ವರೆಗೆ ಯುದ್ಧವು ಮುಗಿದು, ಮರುವರ್ಷದ ಮಾರ್ಚಿಯಲ್ಲಿ ಭಾರತದ ಸೈನ್ಯವು ಹಿಂದಿರುಗಿತು. ಸರಕಾರವನ್ನು ಅದು ನಿರ್ಮಿಸಲಿಲ್ಲ. ಜನರು ಆಗಲೇ ಆರಿಸಿದ್ದವರ ದಾರಿಯಲ್ಲಿದ್ದ ಅಡ್ಡಿಯನ್ನು ತೆಗೆಯಿತು. ಆ ದೇಶದ ಮುಂದಿನ ಸುಖದುಃಖಗಳು ಅದರ ಸ್ವಂತ ಚರಿತ್ರೆಯಾದುವು.

ಅದೇ ಭಾರತವು ಹದಿನಾರು ವರ್ಷಗಳ ತರುವಾಯ, ೧೯೮೭ನೆಯ ಜುಲೈ ೨೯ರ ಒಪ್ಪಂದದ ಮೇರೆಗೆ, ಶಾಂತಿಪಾಲನೆಗೆಂದು ಶ್ರೀಲಂಕೆಗೆ ಸೈನ್ಯವನ್ನು ಕಳುಹಿತು. ಉದ್ದೇಶವು ಕೆಟ್ಟುದಲ್ಲ. ಆದರೆ ಆ ಒಪ್ಪಂದವನ್ನು ಸಿಂಹಳೀಯರಲ್ಲಿ ಅನೇಕರೂ ಒಪ್ಪಲಿಲ್ಲ, ಆಯುಧ ಹಿಡಿದಿದ್ದ ತಮಿಳು ಹುಲಿಗಳೂ ಮನಃಪೂರ್ವಕವಾಗಿ ಒಪ್ಪಲಿಲ್ಲ. ರಕ್ಷಿಸಬಂದವರು ಅಕ್ಟೋಬರಿನೊಳಗೆ ಕಾದಾಡುವವರಾದರು. ಸಾವಿರಕ್ಕೂ ಮಿಕ್ಕಿ ಭಾರತೀಯ ಸೈನಿಕರು ಅಲ್ಲಿ ಮಡಿದರು. ನಡುವೆ ಸಿಕ್ಕಿದ ಊರವರೂ ಸತ್ತರು. ೧೯೯೦ನೆಯ ಮಾರ್ಚಿಯಲ್ಲಿ ಸೈನ್ಯವು ಯಾರ ಕೃತಜ್ಞತೆಯೂ ಇಲ್ಲದೆ ಮರಳಿತು. ರಾಷ್ಟ್ರವು ಅದೇ, ಸೈನಿಕರ ಶೌರ್ಯವು ಅದೇ. ವ್ಯತ್ಯಾಸವಾದುದು ಕಾರ್ಯದ ಸ್ವರೂಪದಲ್ಲಿ. ಒಂದು ಕಡೆ ಸಮ್ಮತಿಯು ಮೊದಲೇ ಸಿದ್ಧವಾಗಿದ್ದಿತು. ಇನ್ನೊಂದು ಕಡೆ ಸೈನ್ಯವೇ ಅದನ್ನು ಉಂಟುಮಾಡಬೇಕಾಗಿದ್ದಿತು.

ಇದರಿಂದ ಸಿದ್ಧಾಂತವು ತಾನಾಗಿಯೇ ಹೊರಡುವುದು. ದಂಡಶಕ್ತಿಯ ಮೇರೆಯು ಅದರ ಪರಿಮಾಣದಿಂದ ಆದುದಲ್ಲ, ಅದರ ಜಾತಿಯಿಂದ ಆದುದು. ಹತ್ತರಷ್ಟು ಸೈನ್ಯವನ್ನು ಕೂಡಿಸಿದರೂ ಆ ಮೇರೆಯು ಸರಿಯದು. ಈ ಮೇರೆಯು ಇಬ್ಬಾಯ ಕತ್ತಿಯಂತೆ ಎರಡು ಕಡೆಗೂ ಕೊಯ್ಯುವುದು. ಕೊಲೆಯನ್ನು ತಡೆಯುವುದು ದಂಡಕ್ಕೆ ಸಾಧ್ಯವಾದ ಕಾರ್ಯವು; ಆದುದರಿಂದ ರುವಾಂಡಾದಲ್ಲಿ ಅದನ್ನು ಮಾಡದೆ ಹೋದುದು ದೋಷವು. ಪರರಿಗೆ ರಾಜ್ಯವ್ಯವಸ್ಥೆಯನ್ನು ಹುಟ್ಟಿಸಿಕೊಡುವುದು ದಂಡಕ್ಕೆ ಅಸಾಧ್ಯವಾದ ಕಾರ್ಯವು. ಆದುದರಿಂದ ಕಾಬೂಲಿನಲ್ಲಿ ಅದಕ್ಕೆ ಕೈಹಾಕಿದುದು ದೋಷವು. ಉದ್ದೇಶದ ಸಾಧುತ್ವವು ಇವೆರಡರಲ್ಲಿ ಯಾವುದನ್ನೂ ತೊಳೆಯಲಾರದು. ಸಿಮ್ಲಾದ ಘೋಷಣೆಯಲ್ಲಿಯೂ ಸದುದ್ದೇಶದ ಮಾತುಗಳಿಗೆ ಕೊರತೆಯಿರಲಿಲ್ಲ.

ಆದರೆ ಇಷ್ಟಕ್ಕೆ ವಿಚಾರವು ಮುಗಿಯುವುದಿಲ್ಲ. ಅಸಾಧ್ಯಕ್ಕೆ ಕೈಹಾಕಿದವನು ತಪ್ಪನ್ನರಿತು ಹಿಂದೆಗೆದರೆ ಸಾಕೇ? ಇಪ್ಪತ್ತು ವರ್ಷಗಳಲ್ಲಿ ಒಂದು ತಲೆಮಾರು ಆ ಆಶ್ರಯವನ್ನು ನಂಬಿ ಬೆಳೆದಿದ್ದಿತು. ದುಭಾಷಿಗಳಾಗಿ ದುಡಿದವರು, ನ್ಯಾಯಾಧೀಶರಾದ ಹೆಂಗಸರು, ಉಪಾಧ್ಯಾಯಿನಿಯರು, ಪುಸ್ತಕ ಹಿಡಿದು ಹೊರಟ ಬಾಲಿಕೆಯರು ಇವರಾರೂ ಆ ಸೈನ್ಯವನ್ನು ಕರೆದವರಲ್ಲ, ಬಂದುದನ್ನು ನಂಬಿದವರು. ೨೦೨೧ರ ಆಗಸ್ಟಿನಲ್ಲಿ ಕಾಬೂಲಿನ ವಿಮಾನ ನಿಲ್ದಾಣದಲ್ಲಿ, ಚಲಿಸುತ್ತಿದ್ದ ವಿಮಾನವನ್ನು ಹಿಡಿದು ನೇತಾಡಿ ಬಿದ್ದು ಸತ್ತವರನ್ನು ಲೋಕವೆಲ್ಲವೂ ಕಂಡಿತು. ಆರನೆಯ ತರಗತಿಯಿಂದಾಚೆಗೆ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲನ್ನು ಹೊಸ ಆಳ್ವಿಕೆಯು ಮುಚ್ಚಿತು. ಹಾಗೆಂದು ಇನ್ನೂ ಇಪ್ಪತ್ತು ವರ್ಷಗಳ ಯುದ್ಧವನ್ನು ನಡೆಸಿದ್ದರೆ ಆ ಬಾಗಿಲು ತೆರೆದಿರುತ್ತಿದ್ದಿತೆಂದು ಹೇಳಲೂ ಬಾರದು. ಹಳ್ಳಿಗಾಡಿನಲ್ಲಿ ಅದೇ ಯುದ್ಧವು ಎಷ್ಟೋ ತಾಯಂದಿರ ಮಡಿಲನ್ನು ಬರಿದುಮಾಡಿದ್ದಿತು. ಇದ್ದರೆ ಒಂದು ಪಾಪ, ಹೋದರೆ ಒಂದು ಪಾಪ ಎಂಬ ಉಭಯಸಂಕಟವು ಪ್ರವೇಶದ ದಿವಸವೇ ಹುಟ್ಟಿದುದು. ಹೊರಡುವ ದಿವಸದಲ್ಲಿ ಅದಕ್ಕೆ ಪರಿಹಾರವನ್ನು ಹುಡುಕುವುದು ತಡವಾದುದು.

ಆದುದರಿಂದ ಬಲಿಷ್ಠ ರಾಷ್ಟ್ರವು ಗಡಿಯನ್ನು ದಾಟುವ ಮೊದಲೇ ಮೂರು ಪ್ರಶ್ನೆಗಳಿಗೆ ಉತ್ತರವೀಯತಕ್ಕುದು. ಮಾಡಹೊರಟ ಕಾರ್ಯವು ತಡೆಯುವುದೋ, ಕಟ್ಟುವುದೋ? ಸೈನ್ಯವು ಹಿಂದಿರುಗಿದ ಮರುದಿವಸವೂ ಜನರ ಒಪ್ಪಿಗೆಯಿಂದ ನಿಲ್ಲಬಲ್ಲವರು ಆ ನೆಲದಲ್ಲಿ ಈಗಲೇ ಇರುವರೋ? ತನ್ನನ್ನು ನಂಬಿ ಹೊರಬೀಳುವವರನ್ನು, ಕಾರ್ಯವು ಕೆಟ್ಟರೆ, ತನ್ನ ಮನೆಯೊಳಗೆ ಸೇರಿಸಿಕೊಳ್ಳಲು ತಾನು ಸಿದ್ಧವೋ? ಮೂರನೆಯದಕ್ಕೆ ಇಲ್ಲವೆನ್ನುವ ರಾಷ್ಟ್ರವು ಪರರ ಬಿಡುಗಡೆಗಾಗಿ ತನ್ನ ಮಕ್ಕಳನ್ನು ಬಲಿಗೊಡುವೆನೆಂದು ಹೇಳಿದರೆ ಆ ಮಾತು ನಂಬತಕ್ಕುದಲ್ಲ. ಕಡಮೆಯನ್ನು ಕೊಡಲಾರದವನು ಹೆಚ್ಚನ್ನು ಕೊಡುವನೆಂಬುದು ಹೇಗೆ?

ಇವಕ್ಕೆ ಉತ್ತರವಿಲ್ಲದಲ್ಲಿ ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಅರ್ಥವಲ್ಲ. ಓಡಿಬಂದವರಿಗೆ ಬಾಗಿಲು ತೆರೆಯುವುದು, ಹಸಿದವರಿಗೆ ಧಾನ್ಯವನ್ನೂ ರೋಗಿಗಳಿಗೆ ಔಷಧವನ್ನೂ ಕಳುಹುವುದು, ಕೊಲ್ಲುವವನಿಗೆ ಆಯುಧವನ್ನು ಮಾರದಿರುವುದು, ಇವು ಎಲ್ಲ ಕಾಲದಲ್ಲಿಯೂ ಸಾಧ್ಯವಾದ ಧರ್ಮಗಳು. ಇವುಗಳಿಗೆ ರಣಭೇರಿಯಿಲ್ಲ, ಜಯಸ್ತಂಭವಿಲ್ಲ; ಬಲಿಷ್ಠರಿಗೆ ಇವು ರುಚಿಸದಿರುವುದಕ್ಕೆ ಅದೇ ಕಾರಣವಿರಬಹುದು. ತನ್ನ ತೋಳಿನ ಅಳತೆಯನ್ನು ದುರ್ಬಲನು ದಿನವೂ ಅರಿಯುತ್ತಿರುವನು. ಬಲಿಷ್ಠನಿಗೆ ಅದನ್ನು ತಿಳಿಸಿಕೊಡುವವರಿಲ್ಲ. ಅವನು ತಾನೇ ಅಳೆದುಕೊಳ್ಳಬೇಕು. ಹಾಗೆ ಅಳೆಯದೆ ಹೊರಟವನ ತಪ್ಪಿಗೆ ದಂಡವನ್ನು ತೆರುವವರು ಅನ್ಯರು.